ಊರಿನ ಕಥೆಯನ್ನು ಊರಿಗೇ ತೋರಿಸುವುದು ಹೇಗೆ?

ಸಾಕ್ಷ್ಯಚಿತ್ರ ಮಾಡಲು ಹೊರಟವರು ಮೊದಲು ವಿಚಾರಿಸುವುದು ಯಾವ ಕ್ಯಾಮೆರಾ ಕೊಳ್ಳಲಿ ಅಂತ. ಅದು ಆಮೇಲೆ. ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಈ ಚಿತ್ರವನ್ನು ಯಾರು ಕೂತು ನೋಡಬೇಕು? ನೋಡಿ ಏನು ಮಾತಾಡಬೇಕು? ಚಿತ್ರದಲ್ಲಿರುವವರೇ ಮೊದಲ ಸಾಲಿನಲ್ಲಿ ಕೂತಿರುತ್ತಾರೆ ಅಂತ ಗೊತ್ತಿದ್ದರೆ ನೀವು ಕೇಳುವ ಪ್ರಶ್ನೆಯೂ ಬದಲಾಗುತ್ತದೆ, ಕತ್ತರಿ ಹಾಕುವ ಜಾಗವೂ ಬದಲಾಗುತ್ತದೆ.

ವಿಷಯ ಚಿಕ್ಕದಿರಲಿ. ‘ಮೀನುಗಾರರ ಬದುಕು’ ಅಂದರೆ ಕೈಗೆ ಸಿಗುವುದಿಲ್ಲ. ‘ಒಂದು ದೋಣಿ, ನಾಲ್ಕು ಜನ ಪಾಲುದಾರರು, ಅದನ್ನು ಮಾರಬೇಕೋ ಬೇಡವೋ ಎಂಬ ಜಗಳ’ ಅಂದಾಗ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಬರಿಗೈಲಿ ಹೋಗಿ

ಮೊದಲ ಮೂರು ನಾಲ್ಕು ಸಲ ಕ್ಯಾಮೆರಾ ಇಲ್ಲದೆ ಹೋಗಿ. ಸುಮ್ನೆ ಕೂತು ಮಾತಾಡಿ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದು ಆಗಲೇ ತಿಳಿಯುತ್ತದೆ. ಮುಖಂಡರು ತೋರಿಸಿದವರನ್ನಷ್ಟೇ ಮಾತಾಡಿಸಿ ಬಂದರೆ ಅದು ಮುಖಂಡರ ಚಿತ್ರವಾಗುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಬೇಕು, ಆದರೆ ಸಹಿಯೊಂದೇ ಸಾಲದು. ಚಿತ್ರವನ್ನು ಸಭಾಂಗಣದಲ್ಲಿ ಮಾತ್ರ ತೋರಿಸುತ್ತೀರೋ, ಯೂಟ್ಯೂಬ್‌ಗೂ ಹಾಕುತ್ತೀರೋ? ಬೇಡ ಅನ್ನಿಸಿದರೆ ಯಾವತ್ತಿನವರೆಗೆ ಹಿಂದೆ ಸರಿಯಬಹುದು? ಬಿಡಿಸಿ ಹೇಳಿ. ಓದಲು ಬಾರದವರಿಗೆ ಪತ್ರವನ್ನು ಓದಿ ಹೇಳಿ, ಒಪ್ಪಿಗೆಯನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿಕೊಳ್ಳಿ. ಮಕ್ಕಳಿದ್ದರೆ ಹೆತ್ತವರ ಸಹಿಯ ಜೊತೆಗೆ ಮಗುವನ್ನೂ ಕೇಳಿ.

ಶೂಟಿಂಗ್: ಮೊದಲು ಕಿವಿ

ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹಾಗಾಗಿ ಇರುವ ದುಡ್ಡನ್ನು ಮೊದಲು ಮೈಕಿಗೆ ಹಾಕಿ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡೇ ರೆಕಾರ್ಡ್ ಮಾಡಿ. ಫ್ಯಾನ್, ಫ್ರಿಜ್ ಆಫ್ ಮಾಡಿಸಿ. ಫ್ರಿಜ್ ಮತ್ತೆ ಆನ್ ಮಾಡುವುದನ್ನು ಮರೆಯಬಾರದು ಅಂತ ಎಷ್ಟೋ ಜನ ಗಾಡಿಯ ಕೀಲಿಯನ್ನು ಅದರೊಳಗೇ ಇಟ್ಟಿರುತ್ತಾರೆ! ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದೆ ಆ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತಿಗೆ ಮಾತು ಜೋಡಿಸುವಾಗ ಅದು ಬೇಕೇ ಬೇಕು.

‘ಹೌದು, ಇಲ್ಲ’ ಅಂತ ಮುಗಿದುಹೋಗುವ ಪ್ರಶ್ನೆ ಬೇಡ. ‘ಆ ದಿನ ಏನಾಯ್ತು, ಹೇಳಿ’ ಅನ್ನಿ. ಉತ್ತರ ಮುಗಿಯಿತು ಅನ್ನಿಸಿದಾಗ ಬಾಯಿ ಮುಚ್ಚಿಕೊಂಡು ಐದು ಸೆಕೆಂಡ್ ಕಾಯಿರಿ. ಒಳ್ಳೆಯ ಮಾತು ಬರುವುದು ಎಷ್ಟೋ ಸಲ ಆಮೇಲೆಯೇ. ಕೈಕೆಲಸ, ಅಂಗಳ, ದಾರಿ ಇಂಥ ಶಾಟ್‌ಗಳನ್ನು ಕನಿಷ್ಠ 10 ಸೆಕೆಂಡ್ ಅಲುಗಾಡದೆ ಹಿಡಿಯಿರಿ. ಶೂಟ್ ಮಾಡಿದ್ದನ್ನೆಲ್ಲ ಅದೇ ರಾತ್ರಿ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಕ್ಯಾಮೆರಾದ ಮೆಮೊರಿ ಕಾರ್ಡ್ ಖಾಲಿ ಮಾಡುವುದು ಅದಾದ ಮೇಲೆ.

ಮೊದಲು ಅವರಿಗೇ ತೋರಿಸಿ

ಸಂವಾದಕ್ಕೆಂದು ಮಾಡುವ ಚಿತ್ರ ಅರ್ಧ ಗಂಟೆ ದಾಟದಿದ್ದರೆ ಒಳ್ಳೆಯದು. ಆದರೆ ಎಡಿಟಿಂಗ್ ಮುಗಿಯಿತು ಅಂತ ನೇರ ಪೋಸ್ಟರ್ ಅಂಟಿಸಬೇಡಿ. ಚಿತ್ರದಲ್ಲಿರುವವರನ್ನು ಕರೆದು ಕರಡು ತೋರಿಸಿ. ಬಹಳ ಜನ ಬಿಡುವ ಹೆಜ್ಜೆ ಇದೇ.

ಫ್ರೆಂಚ್ ನಿರ್ದೇಶಕ ಝಾನ್ ರೂಶ್ 1950ರ ದಶಕದಲ್ಲಿ ಆಫ್ರಿಕಾದ ನೈಜರ್ ನದಿಯ ನೀರಾನೆ ಬೇಟೆಯ ಚಿತ್ರವನ್ನು ಬೇಟೆಗಾರರಿಗೇ ತೋರಿಸಿದರು. ಬೇಟೆಯ ದೃಶ್ಯಕ್ಕೆ ಕಳೆ ಬರಲೆಂದು ಸಂಗೀತ ಸೇರಿಸಿದ್ದರು. ಬೇಟೆಗಾರರು ಒಪ್ಪಲಿಲ್ಲ. ಬೇಟೆಯಲ್ಲಿ ಸದ್ದೇ ಇರಬಾರದು, ಸಂಗೀತ ಕೇಳಿದರೆ ನೀರಾನೆ ಓಡಿಹೋಗುತ್ತದೆ ಅಂದರು. ರೂಶ್ ಸಂಗೀತ ತೆಗೆದುಹಾಕಿದರು. ಇಂಥ ತಪ್ಪು ಎಡಿಟಿಂಗ್ ಮೇಜಿನ ಮುಂದೆ ಕೂತವರಿಗೆ ಹೊಳೆಯುತ್ತದಾ?

ಕೆನಡಾದ ಫೋಗೋ ದ್ವೀಪದಲ್ಲಿ 1967ರಲ್ಲಿ ನಡೆದದ್ದು ಇನ್ನೂ ದೊಡ್ಡದು. ಅಲ್ಲಿನವರನ್ನು ಬೇರೆಡೆಗೆ ಸಾಗಿಸುವ ಮಾತು ನಡೆದಿತ್ತು. ನಿರ್ದೇಶಕ ಕಾಲಿನ್ ಲೋ ಮತ್ತು ತಂಡ ಒಂದು ದೊಡ್ಡ ಚಿತ್ರದ ಬದಲು ಪುಟ್ಟ ಪುಟ್ಟ ಚಿತ್ರ ಮಾಡಿ, ದ್ವೀಪದ ಹಳ್ಳಿಹಳ್ಳಿಯಲ್ಲಿ ತೋರಿಸಿ ಚರ್ಚೆ ನಡೆಸಿತು. ಎದುರಾಬದುರು ಕೂತು ಹೇಳಲಾಗದ ಮಾತನ್ನು ಪರದೆಯ ಮೇಲೆ ಕೇಳಿಸಿಕೊಳ್ಳಬಹುದು, ಅಲ್ವಾ? ಆ ಚಿತ್ರಗಳು ಸರ್ಕಾರದವರ ಮುಂದೆಯೂ ಓಡಿದವು. ಜನ ದ್ವೀಪ ಬಿಡಲಿಲ್ಲ, ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡರು.

ಪ್ರದರ್ಶನದ ದಿನ

ಎರಡು ಗಂಟೆ ಮೊದಲೇ ಹೋಗಿ ಚಿತ್ರವನ್ನು ಪೂರ್ತಿ ಓಡಿಸಿ ನೋಡಿ. ಹಿಂದಿನ ಸಾಲಿನಲ್ಲಿ ಕೂತು ಮಾತು ಕೇಳಿಸುತ್ತದಾ ಪರೀಕ್ಷಿಸಿ. ಬಯಲಲ್ಲಾದರೆ ಕತ್ತಲಾಗುವ ಮುಂಚೆ ಪ್ರೊಜೆಕ್ಟರ್‌ನಿಂದ ಏನೂ ಕಾಣುವುದಿಲ್ಲ. ಆರು ಗಂಟೆಗೆ ಅಂತ ಕರೆದು ಜನರನ್ನು ಕಾಯಿಸಬೇಡಿ.

ಸಂವಾದವನ್ನು ನಿರ್ದೇಶಕರು ನಡೆಸಬಾರದು. ನನ್ನ ಮೊದಲ ಪ್ರದರ್ಶನದಲ್ಲಿ ನಾನೇ ಮೈಕ್ ಹಿಡಿದು ಇಪ್ಪತ್ತು ನಿಮಿಷ ಮಾತಾಡಿದೆ. ಮಾತು ಮುಗಿಸುವಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ಈಗ ಬೇರೆಯವರಿಗೆ ಒಪ್ಪಿಸಿ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತೇನೆ. ಚಿತ್ರದಲ್ಲಿರುವವರೇ ಮೊದಲು ಮಾತಾಡಲಿ. ‘ಹೇಗಿತ್ತು?’ ಅಂದರೆ ‘ಚೆನ್ನಾಗಿತ್ತು’ ಅನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ‘ಇದರಲ್ಲಿ ಏನು ಬಿಟ್ಟುಹೋಗಿದೆ?’ ಅಂತ ಕೇಳಿಸಿ. ಸಭೆಯಲ್ಲಿ ಓಡಾಡುವ ಮೈಕನ್ನು ಸಂವಾದ ನಡೆಸಿಕೊಡುವವರು ತಮ್ಮ ಕೈಯಲ್ಲೇ ಹಿಡಿದಿರಲಿ. ಒಮ್ಮೆ ಭಾಷಣಕಾರರ ಕೈಗೆ ಹೋದರೆ ವಾಪಸ್ ಬರುವುದಿಲ್ಲ.

ಕೊನೆಗೆ, ಚಿತ್ರದಲ್ಲಿದ್ದ ಪ್ರತಿ ಮನೆಗೂ ಒಂದು ಕಾಪಿ. ಪೆನ್‌ಡ್ರೈವ್‌ಗಳನ್ನು ಮೊದಲೇ ತುಂಬಿಸಿ ತನ್ನಿ, ಅಂದೇ ಕೈಗೆ ಕೊಡಿ. ಆಮೇಲೆ ಕಳಿಸುತ್ತೇನೆ ಅಂದದ್ದು ಹೋಗಿ ಸೇರುವುದು ಕಮ್ಮಿ.