ವಿಂಡೋಸ್ 10 ಲ್ಯಾಪ್‌ಟಾಪ್‌ಗೆ ಲಿನಕ್ಸ್: ನಿಮ್ಮ ಮನೆಗೆ ಹೊಂದುತ್ತದಾ ಅಂತ ಪರೀಕ್ಷಿಸುವುದು ಹೇಗೆ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮಾತ್ರ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರೇ ಆಗಬೇಕು. ಹಾಗಾಗಿ 2016ರಲ್ಲೋ 2017ರಲ್ಲೋ ಕೊಂಡ ಒಳ್ಳೆ ಐ5 ಲ್ಯಾಪ್‌ಟಾಪ್, ಪರದೆ, ಕೀಬೋರ್ಡ್ ಎಲ್ಲ ಗಟ್ಟಿಯಾಗಿದ್ದರೂ, ಆಚೆ ಉಳಿಯಿತು. ಅಂಥ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಅದರಲ್ಲಿ ಇನ್ನೂ ನಾಲ್ಕೈದು ವರ್ಷದ ಕೆಲಸ ಬಾಕಿ ಇರುತ್ತದೆ.

ವಿಂಡೋಸ್‌ನ ಜಾಗದಲ್ಲಿ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಹಾಗಾದರೆ ಅದು ಸಾಮಾನ್ಯ ಜನರ ಬಳಕೆಗೆ ಸಿದ್ಧವಾಗಿದೆಯಾ? ಬ್ರೌಸರ್‌ನಲ್ಲೇ ದಿನದ ಮುಕ್ಕಾಲು ಕೆಲಸ ಮುಗಿಯುವ ಮನೆಗೆ ಖಂಡಿತ ಸಿದ್ಧ. ವಿಂಡೋಸ್‌ನಲ್ಲಿ ಮಾತ್ರ ಓಡುವ ಒಂದು ಸಾಫ್ಟ್‌ವೇರ್ ಮೇಲೆ ಹೊಟ್ಟೆಪಾಡು ನಿಂತಿರುವವರಿಗೆ ಇನ್ನೂ ಇಲ್ಲ. ನೀವು ಯಾವ ಕಡೆ ಅನ್ನುವುದನ್ನು ಒಂದು ವಾರಾಂತ್ಯದಲ್ಲಿ, ಹಾರ್ಡ್‌ಡಿಸ್ಕ್ ಮುಟ್ಟದೆ, ದುಡ್ಡು ಖರ್ಚು ಮಾಡದೆ ತಿಳಿದುಕೊಳ್ಳಬಹುದು.

"ಲಿನಕ್ಸ್ ಅಂದರೆ ಎಂಜಿನಿಯರ್‌ಗಳಿಗೆ" ಅನ್ನುವ ಮಾತನ್ನು ಮೊದಲು ಬದಿಗಿಡಿ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸ್ ಕರ್ನೆಲ್ಲೇ, ಅಂದರೆ ಅದರ ತಿರುಳೇ. ಪಕ್ಕದ ಕೇರಳದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ, ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಅನ್ನುವ ಲಿನಕ್ಸ್ ಆಧರಿಸಿ ಶಾಲೆಗಳಿಗೆಂದೇ ಒಂದು ಆವೃತ್ತಿ ಮಾಡಿಕೊಟ್ಟಿದೆ. ಅಲ್ಲಿ ಅದು ನೆಲೆಯೂರಿದ್ದು ಮೇಷ್ಟ್ರುಗಳಿಗೆ ತರಬೇತಿ ಸಿಕ್ಕಿದ್ದರಿಂದ, ಕೆಟ್ಟಾಗ ಕೇಳಲು ಒಬ್ಬರು ಇದ್ದುದರಿಂದ ಅಂತ ನನ್ನ ಲೆಕ್ಕ. ನಮ್ಮ ಊರುಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಆ ಒಬ್ಬರು ಸಿಗುವುದು ಕಷ್ಟ. ಈಗಿರುವ ದೊಡ್ಡ ಕೊರತೆ ಅದೇ.

ಮೊದಲು ಒಂದು ಹಾಳೆ, ಒಂದು ಪೆನ್ನು

ಮನೆಯಲ್ಲಿ ಆ ಲ್ಯಾಪ್‌ಟಾಪನ್ನು ಯಾರ್ಯಾರು ಏನೇನಕ್ಕೆ ಬಳಸುತ್ತಾರೆ ಅಂತ ಬರೆಯಿರಿ. ಸಾಫ್ಟ್‌ವೇರ್ ಹೆಸರು ಬೇಡ, ಕೆಲಸ ಬರೆಯಿರಿ. ಅಪ್ಪ ಪಹಣಿ ನೋಡುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯುತ್ತಾರೆ. ಅಮ್ಮ ಯೂಟ್ಯೂಬ್ ನೋಡುತ್ತಾರೆ. ಮಗಳು ಗೂಗಲ್ ಮೀಟ್‌ನಲ್ಲಿ ಕ್ಲಾಸ್ ಕೇಳುತ್ತಾಳೆ, ಪೈಥಾನ್ ಕಲಿಯುತ್ತಾಳೆ. ರೈಲು ಟಿಕೆಟ್, ಸೇವಾ ಸಿಂಧು ಅರ್ಜಿ, ವಾಟ್ಸಾಪ್ ವೆಬ್, ಆಧಾರ್ ಒಟಿಪಿ ಕೊಟ್ಟು ಮುಗಿಸುವ ಆದಾಯ ತೆರಿಗೆ ರಿಟರ್ನ್, ಇವೆಲ್ಲ ಫೈರ್‌ಫಾಕ್ಸ್ ಅಥವಾ ಕ್ರೋಮ್‌ನಲ್ಲಿ ಆಗುವ ಕೆಲಸ. ಲಿನಕ್ಸ್‌ನಲ್ಲೂ ಅದೇ ಬ್ರೌಸರ್, ಅದೇ ಪುಟ. ಪ್ರೋಗ್ರಾಮಿಂಗ್ ಕಲಿಯುವವರಿಗಂತೂ ಲಿನಕ್ಸೇ ಜಾಸ್ತಿ ಅನುಕೂಲ.

ಈಗ ತಡೆಯುವ ಸಂಗತಿಗಳು. ಟ್ಯಾಲಿ ಲಿನಕ್ಸ್‌ಗೆ ಬರುವುದಿಲ್ಲ. ಫೋಟೋಶಾಪ್, ಕೋರಲ್‌ಡ್ರಾ, ಪೇಜ್‌ಮೇಕರ್, ಆಟೋಕ್ಯಾಡ್ ಕೂಡ ಅಷ್ಟೇ. ಯುಎಸ್‌ಬಿ ಟೋಕನ್ ಚುಚ್ಚಿ ದಿನಾ ಡಿಜಿಟಲ್ ಸಹಿ ಹಾಕುವವರು, ಅಂದರೆ ಟೆಂಡರ್ ಹಾಕುವ ಗುತ್ತಿಗೆದಾರರು, ಆಡಿಟರ್ ಆಫೀಸಿನವರು, ಆ ಯಂತ್ರವನ್ನು ವಿಂಡೋಸ್‌ನಲ್ಲೇ ಬಿಡಿ. ಕೆಲವು ಆನ್‌ಲೈನ್ ಪರೀಕ್ಷೆಗಳ ನಿಗಾ ಸಾಫ್ಟ್‌ವೇರ್ ವಿಂಡೋಸ್ ಮಾತ್ರ ಕೇಳುತ್ತದೆ, ಮಕ್ಕಳ ಕಾಲೇಜಿನಲ್ಲಿ ಕೇಳಿಕೊಳ್ಳಿ. ಆಟಗಳ ವಿಷಯದಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್ ಬಂದ ಮೇಲೆ ಪರಿಸ್ಥಿತಿ ತುಂಬಾ ಸುಧಾರಿಸಿದೆ, ಆದರೆ ವ್ಯಾಲೊರಂಟ್, ಫೋರ್ಟ್‌ನೈಟ್ ಆಡುವ ಹುಡುಗರು ಮನೆಯಲ್ಲಿದ್ದರೆ ಅವು ಓಡುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ವೈನ್ ಅನ್ನುವ ದಾರಿಯಿಂದ ಎಷ್ಟೋ ವಿಂಡೋಸ್ ಸಾಫ್ಟ್‌ವೇರ್ ಓಡುತ್ತವೆ, ನಿಜ. ಆದರೆ ಸಂಬಳ ತರುವ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ.

ಕನ್ನಡ ಫೈಲುಗಳು: ಇಲ್ಲಿ ಆತುರ ಬೇಡ

ಇಂಗ್ಲಿಷ್‌ನಲ್ಲಿ ಬರೆದ ಲಿನಕ್ಸ್ ಮಾರ್ಗದರ್ಶಿಗಳಲ್ಲಿ ಈ ವಿಷಯ ಇರುವುದೇ ಇಲ್ಲ. ನಮಗೆ ಮಾತ್ರ ಇದು ದೊಡ್ಡದು. ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಹಳೆಯ ಪತ್ರ, ಪ್ರಶ್ನೆಪತ್ರಿಕೆ, ಸಂಘದ ಠರಾವು, ಕಥೆ, ಕವನ ಎಲ್ಲರ ಮನೆಯಲ್ಲೂ ಇವೆ ಅಲ್ವಾ? ಅವುಗಳಲ್ಲಿ ಬಹಳಷ್ಟು ಯುನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ, ಅಲ್ಲ. ಆ ಹಳೆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಹಾಳಾಯಿತು ಅಂತ ಅಳಿಸಿಬಿಡಬೇಡಿ, ಏನೂ ಆಗಿರುವುದಿಲ್ಲ.

ಸುಮ್ನೆ ಓದಲು, ಪ್ರಿಂಟ್ ತೆಗೆಯಲು ಆದರೆ ಆ ಟಿಟಿಎಫ್ ಫಾಂಟ್ ಫೈಲುಗಳನ್ನು ಲಿನಕ್ಸ್‌ಗೆ ನಕಲು ಮಾಡಿ ಇನ್‌ಸ್ಟಾಲ್ ಮಾಡಿದರೆ ಸಾಕು. ತಿದ್ದಬೇಕು, ಹುಡುಕಬೇಕು ಅಂದರೆ ಯುನಿಕೋಡ್‌ಗೆ ಪರಿವರ್ತಿಸಬೇಕು, ಮತ್ತು ಅದನ್ನು ವಿಂಡೋಸ್ ಇರುವಾಗಲೇ ಮಾಡಿ ಮುಗಿಸಿ. ನುಡಿಯಲ್ಲೂ ಬರಹದಲ್ಲೂ ಪರಿವರ್ತಿಸುವ ಸೌಲಭ್ಯ ಇದೆ. ಮೂಲ ಫೈಲನ್ನು ಹಾಗೇ ಇಟ್ಟು ನಕಲಿನ ಮೇಲೆ ಮಾಡಿ. ಆಮೇಲೆ ಕಣ್ಣಾಡಿಸಿ: ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ನೋಡಿ, ನಡುವೆ ಇಂಗ್ಲಿಷ್ ಪದ ಬಂದ ಸಾಲುಗಳನ್ನು ತಪ್ಪದೆ ನೋಡಿ. ಪರಿವರ್ತಕಕ್ಕೆ ಅದು ಇಂಗ್ಲಿಷ್ ಅಂತ ಗೊತ್ತಾಗದಿದ್ದರೆ ಅದನ್ನೂ ಕನ್ನಡ ಮಾಡಿ ಗೋಜಲು ಮಾಡಿರುತ್ತದೆ. ಡಿಟಿಪಿ ಕೆಲಸ ಮಾಡುವವರು, ಪ್ರೆಸ್‌ಗೆ ಫೈಲ್ ಕೊಡುವವರು ಇಲ್ಲಿಗೇ ನಿಲ್ಲಿಸಿ. ನಿಮ್ಮ ಪ್ರೆಸ್ಸಿನವರು ಹಳೆ ಫಾಂಟಿನ ಪೇಜ್‌ಮೇಕರ್ ಫೈಲನ್ನೇ ಕೇಳುವಷ್ಟು ದಿನ ನಿಮಗೆ ವಿಂಡೋಸ್ ಬೇಕೇ ಬೇಕು.

ಹಾಕುವ ಮೊದಲು ಪೆನ್‌ಡ್ರೈವಿನಿಂದ ಓಡಿಸಿ ನೋಡಿ

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ, ಯಾವುದು ಹಾಕಬೇಕು ಅನ್ನುವ ಚರ್ಚೆಗೆ ಕೊನೆಯಿಲ್ಲ. ಮೊದಲ ಸಲ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಎಡ ಮೂಲೆಯಲ್ಲಿ ಮೆನು, ಕೆಳಗೆ ಪಟ್ಟಿ, ಹಳೆ ವಿಂಡೋಸ್ ಬಳಸಿದವರಿಗೆ ಕೈ ತಡವರಿಸುವುದಿಲ್ಲ. ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ರ‍್ಯಾಮ್ 8 ಜಿಬಿ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ. ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ಚೆಕ್‌ಸಮ್ (ಫೈಲ್ ಅಸಲಿಯಾ ಅಂತ ತಿಳಿಸುವ ಸಂಕೇತ) ತಾಳೆ ನೋಡಿ. 2016ರ ಫೆಬ್ರವರಿಯಲ್ಲಿ ಅದೇ ತಾಣಕ್ಕೆ ಕನ್ನ ಹಾಕಿ ಕೆಡಿಸಿದ ಐಎಸ್‌ಒ ಫೈಲಿಗೆ (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲೇ ಐಎಸ್‌ಒ) ಜನರನ್ನು ತಿರುಗಿಸಿದ್ದರು, ಹಾಗಾಗಿ ಇದು ಬರೀ ಶಾಸ್ತ್ರಕ್ಕೆ ಹೇಳುವ ಮಾತಲ್ಲ.

8 ಜಿಬಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಖಾಲಿ ಮಾಡಿ. ವಿಂಡೋಸ್‌ನಲ್ಲಿ ರೂಫಸ್ ಅನ್ನುವ ಪುಟ್ಟ ಸಾಫ್ಟ್‌ವೇರ್‌ನಿಂದ ಐಎಸ್‌ಒ ಬರೆದು, ಲ್ಯಾಪ್‌ಟಾಪ್ ಆಫ್ ಮಾಡಿ, ಮತ್ತೆ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ಅಲ್ಲಿಂದಲೇ ಓಡುತ್ತದೆ. ಸ್ವಲ್ಪ ನಿಧಾನ ಇರುತ್ತದೆ, ಇನ್‌ಸ್ಟಾಲ್ ಮಾಡಿದ ಮೇಲೆ ಹಾಗಿರುವುದಿಲ್ಲ.

ಈಗ ನಿಮ್ಮ ಹಾಳೆ ಹಿಡಿದು ಕೂತುಕೊಳ್ಳಿ. ವೈಫೈ ಹತ್ತಿತಾ? ಹತ್ತದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇಂಟರ್ನೆಟ್ ಬರುತ್ತದೆ, ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಎಷ್ಟೋ ಸಲ ವೈಫೈ ಡ್ರೈವರ್ ಅಲ್ಲೇ ಸಿಗುತ್ತದೆ. ಸ್ಪೀಕರ್, ಮೈಕ್, ಕ್ಯಾಮೆರಾ, ಟಚ್‌ಪ್ಯಾಡ್, ಬ್ಲೂಟೂತ್ ಒಂದೊಂದಾಗಿ ನೋಡಿ. ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದಾ ಅನ್ನುವುದನ್ನೂ ನೋಡಿ, ಇದನ್ನು ಬಹಳ ಜನ ಮರೆಯುತ್ತಾರೆ. ಬೆರಳಚ್ಚು ಓದುವ ಭಾಗ ಕೆಲಸ ಮಾಡದೆ ಇರಬಹುದು, ಅದಕ್ಕೆ ಸಿದ್ಧರಾಗಿರಿ.

ಪ್ರಿಂಟರ್‌ಗೆ ಬೇರೆ ಸಮಯ ಕೊಡಿ. ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳು ತಾವಾಗಿಯೇ ಗುರುತು ಸಿಗುತ್ತವೆ. ವೈಫೈ ಇರುವ ಹೊಸ ಪ್ರಿಂಟರ್‌ಗಳಲ್ಲಿ ತೊಂದರೆ ಕಡಿಮೆ. ಆದರೆ ನಮ್ಮ ಜೆರಾಕ್ಸ್ ಅಂಗಡಿಗಳಲ್ಲೂ ಸಣ್ಣ ಆಫೀಸುಗಳಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಹಟಮಾರಿ. ಆ ಪ್ರಿಂಟರ್ ಕ್ಯಾಪ್ಟ್ ಅನ್ನುವ ಕ್ಯಾನನ್‌ನ ಸ್ವಂತ ಭಾಷೆಯಲ್ಲಿ ಮಾತ್ರ ಮಾತಾಡುತ್ತದೆ, ಪುಟ ಸಿದ್ಧಪಡಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನ ಡ್ರೈವರ್‌ಗೆ ಬಿಡುತ್ತದೆ, ಲಿನಕ್ಸ್‌ಗೆ ಇರುವ ಡ್ರೈವರ್ ಹಳೆಯದು. ಅದೇ ನಿಮ್ಮ ಮುಖ್ಯ ಪ್ರಿಂಟರ್ ಆಗಿದ್ದರೆ ಪ್ರಿಂಟ್ ಬಂದದ್ದನ್ನು ಕಣ್ಣಾರೆ ನೋಡುವವರೆಗೆ ಮುಂದುವರಿಯಬೇಡಿ.

ಇನ್‌ಸ್ಟಾಲ್

ಬೇರೆ ಡಿಸ್ಕಿಗೆ ಎಲ್ಲದರ ಬ್ಯಾಕಪ್ ತೆಗೆಯಿರಿ. ಫೋಟೊ, ಪಿಡಿಎಫ್, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಎಲ್ಲ. ವಿಂಡೋಸ್‌ನ ಜೊತೆಯಲ್ಲೇ ಹಾಕುವುದಾದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡು, ಡಿಸ್ಕಿನ ಎನ್‌ಕ್ರಿಪ್ಶನ್ ತೆಗೆದು ಆಮೇಲೆ ಮುಂದುವರಿಯಿರಿ. ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ 50 ಜಿಬಿಯಷ್ಟಾದರೂ ಜಾಗ ಬಿಡಿಸಿಕೊಡಿ. ಉಳಿದದ್ದು ಇನ್‌ಸ್ಟಾಲರ್ ಕೇಳುವ ನಾಲ್ಕಾರು ಪ್ರಶ್ನೆ ಅಷ್ಟೇ. ಪೂರ್ತಿ ಡಿಸ್ಕ್ ಅಳಿಸುವ ಆಯ್ಕೆಯನ್ನು ನಿಜವಾಗಿ ಬೇಕಿದ್ದರೆ ಮಾತ್ರ ಆರಿಸಿ, ತಪ್ಪಿ ಒತ್ತಬೇಡಿ.

ಲ್ಯಾಪ್‌ಟಾಪಿನಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಇದೇ ಸಮಯದಲ್ಲಿ ಎಸ್‌ಎಸ್‌ಡಿ ಹಾಕಿಸಿಬಿಡಿ. ಯಾವ ಆಪರೇಟಿಂಗ್ ಸಿಸ್ಟಮ್ ಬದಲಾಯಿಸಿದರೂ ಸಿಗದಷ್ಟು ವೇಗ ಅದೊಂದರಿಂದ ಸಿಗುತ್ತದೆ. ಇನ್ನೊಂದು ಲಾಭ, ಹಳೆ ಡಿಸ್ಕ್ ವಿಂಡೋಸ್ ಸಮೇತ ಹಾಗೇ ಉಳಿಯುತ್ತದೆ. ಬೇಡ ಅನಿಸಿದರೆ ಅದನ್ನೇ ವಾಪಸ್ ಹಾಕಬಹುದು.

ಮೊದಲ ದಿನವೇ ಮಾಡಬೇಕಾದ್ದು

ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಟೈಮ್‌ಶಿಫ್ಟ್ ತೆರೆದು ಸ್ನ್ಯಾಪ್‌ಶಾಟ್ ಇಡಿ. ಯಾವುದಾದರೂ ಅಪ್‌ಡೇಟ್ ಎಡವಟ್ಟು ಮಾಡಿದರೆ ಹಿಂದಿನ ಸ್ಥಿತಿಗೆ ಹೋಗಲು ಇದೇ ದಾರಿ.

ಕನ್ನಡ ಟೈಪಿಂಗ್‌ಗೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಮತ್ತು ಐಬಸ್ ಎಂ17ಎನ್ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಇರುತ್ತದೆ, ಅದು ನುಡಿಯಲ್ಲಿ ಕೈ ಪಳಗಿದವರಿಗೆ ಪರಿಚಯದ ಕಗಪ ವಿನ್ಯಾಸ, ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಬಂದದ್ದು. ಇನ್‌ಸ್ಕ್ರಿಪ್ಟ್ ಬೇಕಾದವರಿಗೆ ಅದೂ ಇದೆ. ಸರ್ಕಾರಿ ಕಚೇರಿಯ ಕೆಲಸಕ್ಕೆ ನುಡಿ ಕಲಿತವರು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ ಅನ್ನುವುದು ನನಗೆ ನಿಜಕ್ಕೂ ಖುಷಿ ಕೊಡುವ ವಿಷಯ.

ಲಿಬ್ರೆಆಫೀಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಬೇಕು. ಟೂಲ್ಸ್, ಆಪ್ಶನ್ಸ್, ಅಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವಲ್ಲಿ ಕನ್ನಡ ಆರಿಸಿ. ಲಿಬ್ರೆಆಫೀಸ್ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಬೇರೊಂದು ಫಾಂಟ್ ನೆನಪಿಟ್ಟುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಫಾಂಟ್ ಬದಲಾಗುತ್ತಿಲ್ಲ ಅಂತ ಒದ್ದಾಡುತ್ತಾರೆ. ವರ್ಡ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಮಾಡಿದ ಫೈಲ್ ಇಲ್ಲಿ ತೆರೆದರೆ ಅವು ಇರುವುದಿಲ್ಲ, ಬೇರೆ ಫಾಂಟ್ ಬಂದು ಸಾಲುಗಳು ಜರುಗುತ್ತವೆ. ಲೋಹಿತ್, ಗುಬ್ಬಿ, ನವಿಲು, ನೋಟೋ ಇವುಗಳಲ್ಲಿ ಒಂದನ್ನು ಹಿಡಿದುಕೊಂಡು, ಹೊರಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ಇಂಗ್ಲಿಷ್ ಫೈಲುಗಳಿಗೆ ಕ್ಯಾಲಿಬ್ರಿ ಅಳತೆಯದೇ ಆದ ಕಾರ್ಲಿಟೊ ಹಾಕಿದರೆ ಪುಟ ಕೆಡುವುದು ಕಡಿಮೆಯಾಗುತ್ತದೆ. ಮ್ಯಾಕ್ರೊ ತುಂಬಿದ ಎಕ್ಸೆಲ್ ಹಾಳೆಗಳನ್ನು ಮಾತ್ರ ನಂಬಬೇಡಿ, ತೆರೆದು ಒಂದೊಂದೇ ಲೆಕ್ಕ ನೋಡಿ.

ಅಪ್ಪ ಅಮ್ಮನಿಗಾಗಿ ಊರಿನ ಲ್ಯಾಪ್‌ಟಾಪ್‌ಗೆ ಹಾಕುತ್ತಿದ್ದರೆ, ಹೊರಡುವ ಮೊದಲು ಎನಿಡೆಸ್ಕ್ ಹಾಕಿ, ಬೆಂಗಳೂರಿನಿಂದಲೋ ಬೇರೆ ದೇಶದಿಂದಲೋ ಅವರ ಪರದೆ ತೆರೆಯಲು ಬರುತ್ತದಾ ಅಂತ ಮೊಬೈಲ್ ಇಂಟರ್ನೆಟ್‌ನಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಿ. ಫೋನ್ ಬಂದಾಗ "ಅಪ್ಪಾ, ಎನಿಡೆಸ್ಕ್‌ನಲ್ಲಿ ಕಾಣುವ ನಂಬರ್ ಓದಿ" ಅಂದರೆ ಸಾಕಾಗಬೇಕು. ಯಾರೋ ಅಪರಿಚಿತರು ಅದೇ ನಂಬರ್ ಕೇಳಿದರೆ ಕೊಡಬಾರದು ಅಂತಲೂ ಅವತ್ತೇ ಹೇಳಿ. ಅವರು ದಿನಾ ತೆರೆಯುವ ಪುಟಗಳಿಗೆ ಡೆಸ್ಕ್‌ಟಾಪಿನ ಮೇಲೆ ದೊಡ್ಡ ಐಕಾನ್ ಇಡಿ, ಅಕ್ಷರದ ಗಾತ್ರ ಹೆಚ್ಚಿಸಿ, ಪ್ರಿಂಟರ್‌ನಲ್ಲಿ ಒಂದು ಪುಟ ಅವರ ಕೈಯಿಂದಲೇ ತೆಗೆಸಿ.