ಮೊದಲು ನೀರಿನ ಕ್ಯಾನ್, ಆಮೇಲೆ ಮಗು

ಹೊಸ ಪ್ರ್ಯಾಮ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ಬಂದ ಕೂಡಲೇ ಡಬ್ಬಿ ಬಿಚ್ಚಬೇಕು ಅನ್ನಿಸುತ್ತದೆ, ಅಲ್ವಾ? ಮಗು ಎಚ್ಚರವಾಗಿದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಡಿ. ಅದು ಮಲಗಲಿ. ಪ್ಲಾಸ್ಟಿಕ್ ಚೀಲ ಸಿಕ್ಕರೆ ಪುಟ್ಟ ಮಗು ತಲೆಗೆ ಹಾಕಿಕೊಳ್ಳುತ್ತದೆ. ವಾಷರ್, ಪಿನ್ನು ಸಿಕ್ಕರೆ ಬಾಯಿಗೆ ಹಾಕಿಕೊಳ್ಳುತ್ತದೆ. ನನ್ನ ಮೊಮ್ಮಗಳ ಪ್ರ್ಯಾಮ್ ಜೋಡಿಸುವಾಗ ಒಂದು ವಾಷರ್ ಕಾಣೆಯಾಯಿತು. ಅವಳು ಪಕ್ಕದಲ್ಲೇ ಕೂತು ಆಡುತ್ತಿದ್ದಳು. ಡಬ್ಬಿಯ ಮಡಿಕೆಯಲ್ಲಿ ಅದು ಸಿಗುವವರೆಗೂ ಮನೆಯವರ ಜೀವ ಬಾಯಿಗೆ ಬಂದಿತ್ತು. ಈಗ ನಾನು ನೆಲಕ್ಕೆ ಒಂದು ಹಾಸಿಗೆ ಬಟ್ಟೆ ಹಾಸಿ, ಸಣ್ಣ ಭಾಗಗಳನ್ನೆಲ್ಲ ಮೊದಲೇ ಒಂದು ಬಟ್ಟಲಿಗೆ ಹಾಕಿಡುತ್ತೇನೆ.

ಜೋಡಿಸುವುದು ಅಂಥ ಕಷ್ಟವೇನಲ್ಲ. ಜೊತೆಗೆ ಬಂದ ಹಾಳೆಯಲ್ಲಿ ಚಿತ್ರ ಇರುತ್ತದೆ. ಚಕ್ರ ಒತ್ತಿದಾಗ ಟಕ್ ಅಂತ ಸದ್ದು ಬರಬೇಕು. ಸದ್ದು ಬಂತು ಅಂತ ಬಿಡಬೇಡಿ, ಪ್ರತಿ ಚಕ್ರವನ್ನೂ ಜೋರಾಗಿ ಎಳೆದು ನೋಡಿ. ಅರ್ಧ ಕೂತ ಚಕ್ರ ಮನೆಯೊಳಗೆ ಚೆನ್ನಾಗಿಯೇ ಓಡುತ್ತದೆ, ರಸ್ತೆಯ ಮೊದಲ ಗುಂಡಿಯಲ್ಲಿ ಕಳಚಿಕೊಳ್ಳುತ್ತದೆ. ಯಾವುದಾದರೂ ಭಾಗ ಕೂರದೆ ಹಟ ಮಾಡಿದರೆ ಸುಮ್ನೆ ಸುತ್ತಿಗೆ ತರಬೇಡಿ. ಎಡ ಬಲ ಅದಲುಬದಲು ಆಗಿದೆಯಾ ಅಂತ ಮೊದಲು ನೋಡಿ.

ಇನ್ನು ಪರೀಕ್ಷೆ. ಇದನ್ನು ಜಾಸ್ತಿ ಜನ ಮಾಡುವುದೇ ಇಲ್ಲ, ಆದರೆ ನನಗೆ ಇದೇ ಎಲ್ಲಕ್ಕಿಂತ ಮುಖ್ಯ. 10 ಲೀಟರ್ ನೀರು ತುಂಬಿದ ಕ್ಯಾನ್ ಅಂದರೆ ಸುಮಾರು 10 ಕಿಲೋ, ಹೆಚ್ಚು ಕಡಿಮೆ ಒಂದು ವರ್ಷ ದಾಟಿದ ಮಗುವಿನ ತೂಕ. ಅದನ್ನು ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ. ಬ್ರೇಕ್ ಒತ್ತಿ ತಳ್ಳಿ ನೋಡಿ, ಹಿಂದಿನ ಎರಡೂ ಚಕ್ರ ಅಲ್ಲಾಡಬಾರದು. ಸ್ವಲ್ಪ ಇಳಿಜಾರಿನಲ್ಲೂ ಹೀಗೇ ನೋಡಿ. ಬ್ರೇಕ್ ತೆಗೆದು ನೇರವಾಗಿ ತಳ್ಳಿ. ಒಂದೇ ಕಡೆಗೆ ಎಳೆಯುತ್ತಿದ್ದರೆ ಮುಂದಿನ ಒಂದು ಚಕ್ರ ಅತ್ತಿತ್ತ ತಿರುಗದಂತೆ ಹಿಡಿಯುವ ಲಾಕ್ ಹಾಕಿಯೇ ಉಳಿದಿರಬಹುದು. ಗಾಳಿ ತುಂಬುವ ಟೈರ್ ಆದರೆ ಒಂದರಲ್ಲಿ ಗಾಳಿ ಕಡಿಮೆ ಇರಬಹುದು. ಕೊನೆಗೆ ಹಿಡಿಕೆಗೆ ಒಂದು ಭಾರದ ಚೀಲ ನೇತುಹಾಕಿ, ಕ್ಯಾನ್ ಎತ್ತಿಬಿಡಿ. ಪ್ರ್ಯಾಮ್ ಹಿಂದಕ್ಕೆ ಮಗುಚಿಕೊಳ್ಳಬಹುದು. ಅದನ್ನು ಒಮ್ಮೆ ಕಣ್ಣಾರೆ ಕಂಡರೆ ಹಿಡಿಕೆಗೆ ಚೀಲ ಸಿಕ್ಕಿಸುವ ಅಭ್ಯಾಸ ತಾನಾಗಿಯೇ ಬಿಟ್ಟುಹೋಗುತ್ತದೆ. ಸಾಮಾನು ಕೆಳಗಿನ ಬುಟ್ಟಿಯಲ್ಲಿರಲಿ. ಎಷ್ಟು ತೂಕದ ಮಗುವಿನವರೆಗೆ ಪ್ರ್ಯಾಮ್ ತಡೆಯುತ್ತದೆ ಅಂತ ಹಾಳೆಯಲ್ಲಿ ಬರೆದಿರುತ್ತದೆ, ಕೆಲವಕ್ಕೆ 15 ಕಿಲೋ, ಕೆಲವಕ್ಕೆ 22. ಆ ಹಾಳೆಯನ್ನು ಎಸೆಯಬೇಡಿ.

ಐದು ಕಡೆ ಹಿಡಿಯುವ ಬೆಲ್ಟ್ ಇದ್ದರೆ ಐದನ್ನೂ ಹಾಕಿ: ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕಾಲುಗಳ ನಡುವೆ ಒಂದು. ಕಾಲುಗಳ ನಡುವಿನದ್ದನ್ನು ಬಿಟ್ಟರೆ ಮಗು ಕೆಳಗೆ ಜಾರುತ್ತದೆ, ಸೊಂಟದ ಬೆಲ್ಟ್ ಕುತ್ತಿಗೆಗೆ ಬರುತ್ತದೆ. ನನಗೆ ತುಂಬಾ ಭಯ ಹುಟ್ಟಿಸುವುದು ಇದೇ.

ಎಲ್ಲ ಸರಿಯಾದ ಮೇಲೂ ಅವತ್ತೇ ಹೊರಗೆ ಹೊರಡಬೇಡಿ. ಮಗುವಿನ ಕಣ್ಣಿಗೆ ಅದೊಂದು ದೊಡ್ಡ ಪ್ರಾಣಿ ಇದ್ದ ಹಾಗೆ. ಬ್ರೇಕ್ ಹಾಕಿ ಎರಡು ದಿನ ಮನೆಯೊಳಗೆ ನಿಲ್ಲಿಸಿ, ನೀವು ಪಕ್ಕದಲ್ಲೇ ಇರಿ. ಮುಟ್ಟಲಿ, ಚಕ್ರ ತಟ್ಟಲಿ, ಗೊಂಬೆಯನ್ನು ಕೂರಿಸಲಿ. ನನ್ನ ಮೊಮ್ಮಗಳು ಕರಡಿ ಗೊಂಬೆಗೆ ಬೆಲ್ಟ್ ಹಾಕಿಸಿದ ಮೇಲೆಯೇ ತಾನು ಕೂತದ್ದು. ತಾನೇ ತಳ್ಳುತ್ತೇನೆ ಅಂತ ಹಟ ಹಿಡಿದರೆ ತಳ್ಳಲಿ, ಆದರೆ ಹಿಡಿಕೆ ನಿಮ್ಮ ಕೈಯಲ್ಲೂ ಇರಲಿ. ಮಗು ಜೋತುಬಿದ್ದರೆ ಖಾಲಿ ಪ್ರ್ಯಾಮ್ ಅದರ ಮೇಲೆಯೇ ಬೀಳುತ್ತದೆ. ಮೊದಲ ಸವಾರಿಗೆ ಹತ್ತು ನಿಮಿಷ ಸಾಕು, ಅದೂ ನಿದ್ದೆ, ಊಟ ಆದ ಮೇಲೆ. ಬೆನ್ನು ಸೆಟೆದು ಅತ್ತರೆ ಬಲವಂತ ಮಾಡಬೇಡಿ, ನಾಳೆ ನೋಡೋಣ.

ಬಿಸಿಲು ಅಂತ ಪ್ರ್ಯಾಮ್ ಮೇಲೆ ಬಟ್ಟೆ ಹೊದಿಸಬೇಡಿ. ತೆಳು ಬಟ್ಟೆಯಾದರೂ ಒಳಗೆ ಗಾಳಿಯಾಡದೆ ಸೆಕೆ ಬೇಗ ಏರುತ್ತದೆ. ನೆರಳಿನ ಕಡೆ ನಡೆಯಿರಿ. ಮಡಚುವಾಗ, ಬಿಚ್ಚುವಾಗ ಮಗು ಕೈಗೆಟುಕುವಷ್ಟು ಹತ್ತಿರ ಇರಬಾರದು, ಕೀಲಿನ ಸಂದಿಯಲ್ಲಿ ಎಳೆಯ ಬೆರಳು ಸಿಕ್ಕಿಕೊಳ್ಳುತ್ತದೆ. ಚಕ್ರ ಕಿರುಗುಟ್ಟಿದರೆ ಸುತ್ತಿಕೊಂಡ ಕೂದಲು, ದಾರ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ ಬೇಡ, ಅದಕ್ಕೆ ಧೂಳು ಅಂಟಿಕೊಳ್ಳುತ್ತದೆ.