ಹಳೇ ಕಾರಿಗೆ ವಾಟರ್ ಪಂಪ್: ಅಂಗಡಿಗೆ ಹಳೇ ಪಂಪ್ ಹಿಡಿದುಕೊಂಡೇ ಹೋಗಿ

ಎಂಜಿನ್ ತಂಪಾಗಿರಲು ನೀರನ್ನು ಎಂಜಿನ್‌ಗೂ ರೇಡಿಯೇಟರಿಗೂ ನಡುವೆ ಓಡಿಸುತ್ತಿರುವುದು ವಾಟರ್ ಪಂಪ್. ದಾವಣಗೆರೆಯ ಪಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತು ‘ಅಣ್ಣಾ, ಅಂಬಾಸಿಡರ್‌ಗೆ ಒಂದು ವಾಟರ್ ಪಂಪ್ ಕೊಡಿ’ ಎಂದರೆ, ಕಸುಬು ಬಲ್ಲವರು ಕಪಾಟಿನ ಕಡೆ ತಿರುಗುವುದಿಲ್ಲ. ‘ಯಾವ ಎಂಜಿನ್ ಸಾರ್?’ ಅಂತಾರೆ. ಕೇಳದೇ ಡಬ್ಬಿ ತೆಗೆದುಕೊಟ್ಟರೆ ಅಲ್ಲಿ ಸ್ವಲ್ಪ ಹುಷಾರಾಗಿರಿ. ಅಂಬಾಸಿಡರ್ ಎಂಬ ಒಂದೇ ಹೆಸರಿನಡಿ 1489 ಸಿಸಿಯ ಹಳೇ ಪೆಟ್ರೋಲ್ ಇದೆ, ಡೀಸೆಲ್ ಇದೆ, 1990ರ ದಶಕದಲ್ಲಿ ಬಂದ ಇಸುಜು 1.8 ಪೆಟ್ರೋಲ್ ಇದೆ, 2 ಲೀಟರ್ ಇಸುಜು ಡೀಸೆಲ್ ಇದೆ. ಮಾರುತಿ ಝೆನ್‌ನಲ್ಲೂ ಪೆಟ್ರೋಲ್ ಗಾಡಿಗೆ ಸುಜುಕಿಯ 993 ಸಿಸಿ ಎಂಜಿನ್, ಡೀಸೆಲ್ ಗಾಡಿಗೆ ಪೂಜೋ ಎಂಜಿನ್. ಇದರ ಜೊತೆಗೆ, ಮೂರು ಕೈ ಬದಲಾದ ಗಾಡಿಯಲ್ಲಿ ಯಾರೋ ಯಾವಾಗಲೋ ಬೇರೆ ಎಂಜಿನ್ ಕೂರಿಸಿರುವುದೂ ಉಂಟು. ಹಾಗಾಗಿ ಕಾರಿನ ಹೆಸರು, ವರ್ಷ ಹೇಳಿ ಪಂಪ್ ತರಬೇಡಿ. ಎಂಜಿನ್ ನಂಬರ್ ಬರೆದುಕೊಳ್ಳಿ, ಹಳೇ ಪಂಪ್ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ.

ಬಿಚ್ಚುವ ಮೊದಲು ಕೆಟ್ಟಿರುವುದು ಪಂಪೇ ಹೌದಾ ನೋಡಿ. ಎಂಜಿನ್ ತಣ್ಣಗಿರುವಾಗ ಪಂಪಿನ ಹೊಟ್ಟೆಯಡಿ ಟಾರ್ಚ್ ಬಿಡಿ. ಅಲ್ಲೊಂದು ಸಣ್ಣ ತೂತಿದೆ. ಒಳಗಿನ ಸೀಲ್‌ಗೂ ಬೇರಿಂಗ್‌ಗೂ ನಡುವೆ ಬೇಕಂತಲೇ ಕೊರೆದ ತೂತು ಅದು. ಸೀಲ್ ಸೋತಾಗ ನೀರು ಬೇರಿಂಗ್‌ಗೆ ನುಗ್ಗದೆ ಹೊರಗೆ ಬೀಳಲಿ ಎಂದು. ಅದರ ಬಾಯಲ್ಲಿ ಬಿಳಿ, ಹಸಿರು ಅಥವಾ ತುಕ್ಕಿನ ಬಣ್ಣದ ಕಲೆ ಒಣಗಿ ಗಟ್ಟಿಯಾಗಿದ್ದರೆ ಸೀಲ್ ಮುಗಿದಿದೆ. ಸೋರುತ್ತಲ್ಲ ಎಂದು ಆ ತೂತಿಗೆ ಅಂಟು ಮೆತ್ತಿ ಮುಚ್ಚುವವರಿದ್ದಾರೆ. ಆಮೇಲೆ ನೀರು ಬೇರಿಂಗಿನ ಗ್ರೀಸ್ ತೊಳೆದು ಶಾಫ್ಟ್ ಅಲ್ಲಾಡತೊಡಗುತ್ತದೆ. ಪಂಪಿನ ಮೂತಿಗೇ ಫ್ಯಾನ್ ಇರುವ ಗಾಡಿಯಾದರೆ ರೆಕ್ಕೆ ಹೋಗಿ ರೇಡಿಯೇಟರ್ ಸೀಳುತ್ತದೆ.

ಬೆಲ್ಟ್ ಸಡಿಲಿಸಿ ಪುಲ್ಲಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ, ತಿರುಗಿಸಿದಾಗ ಮರಳು ಅರೆದಂತೆ ಗರಗರ ಎಂದರೆ ಬೇರಿಂಗ್ ಹೋಗಿದೆ. ಎರಡೂ ಸರಿ ಇದ್ದು ಬಿಸಿ ಮಾತ್ರ ಏರುತ್ತಿದ್ದರೆ ಎಲ್ಲಿ ಏರುತ್ತದೆ ಎನ್ನುವುದನ್ನು ಗಮನಿಸಿ. ಸಿಗ್ನಲ್‌ನಲ್ಲಿ, ಸಂತೆ ಬೀದಿಯಲ್ಲಿ ಮಾತ್ರ ಮುಳ್ಳು ಏರಿದರೆ ಮೊದಲ ಅನುಮಾನ ಫ್ಯಾನ್ ಮೇಲೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೈವೇಯಲ್ಲಿ 80ರ ಮೇಲೆ ಹೋಗುವಾಗ ಏರಿದರೆ ಪಂಪಿನೊಳಗೆ ನೀರು ತಳ್ಳುವ ರೆಕ್ಕೆಚಕ್ರ, ಅಂದರೆ ಇಂಪೆಲರ್ ಸವೆದಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಕವಾಟವಾದ ಥರ್ಮೋಸ್ಟಾಟ್ ಅರ್ಧಕ್ಕೇ ನಿಂತಿರಬಹುದು. ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ನೀರಿನ ಪಾತ್ರೆಗೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚೊತ್ತಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ‘ನಮ್ಮೂರ ಬಿಸಿಲಿಗೆ ಅದ್ಯಾಕೆ’ ಎಂದು ಕಿತ್ತೆಸೆಯುವ ಅಭ್ಯಾಸ ಬೇಡ. ಬೈಪಾಸ್ ದಾರಿ ಮುಚ್ಚುವ ಕೆಲಸವನ್ನೂ ಅದೇ ಮಾಡುವ ಎಂಜಿನ್‌ಗಳಲ್ಲಿ ಅದು ಇಲ್ಲದಿದ್ದರೆ ಅರ್ಧ ನೀರು ರೇಡಿಯೇಟರ್ ಮುಟ್ಟದೆ ವಾಪಸ್ ಬರುತ್ತದೆ.

ಪಂಪೇ ಎಂದು ಖಾತ್ರಿಯಾದ ಮೇಲೆ ಅಂಗಡಿಯ ಕೆಲಸ. ಹಳೇದು, ಹೊಸದು ಎರಡನ್ನೂ ಗ್ಯಾಸ್ಕೆಟ್ ಕೂರುವ ಮುಖ ಕೆಳಗೆ ಬರುವಂತೆ ಕೌಂಟರ್ ಅಂಚಿನಲ್ಲಿಡಿ, ಇಂಪೆಲರ್ ಹೊರಗೆ ಇಳಿಬಿದ್ದಿರಲಿ. ಬೋಲ್ಟ್ ತೂತುಗಳು ಕೂಡುವುದನ್ನು ಎಲ್ಲರೂ ನೋಡುತ್ತಾರೆ. ಮೋಸವಾಗುವುದು ಎತ್ತರದಲ್ಲಿ. ಗ್ಯಾಸ್ಕೆಟ್ ಮುಖದಿಂದ ಪುಲ್ಲಿ ಕೂರುವ ಹಬ್‌ವರೆಗಿನ ಅಳತೆಯನ್ನು ವರ್ನಿಯರ್‌ನಲ್ಲಿ ಎರಡೂ ಪಂಪಿಗೆ ತೆಗೆಯಿರಿ. 2 ಮಿ.ಮೀ. ವ್ಯತ್ಯಾಸ ಬಂದರೂ ಪುಲ್ಲಿಗಳು ಒಂದೇ ಸಾಲಿಗೆ ಬರುವುದಿಲ್ಲ. ಬೆಲ್ಟ್ ಕೀರಲು ದನಿ ತೆಗೆಯುತ್ತದೆ, ಒಂದೇ ಪಕ್ಕ ಸವೆಯುತ್ತದೆ. ಅದೇ ಮುಖದಿಂದ ಇಂಪೆಲರ್ ತುದಿಗೂ ಅಳೆಯಿರಿ. ಉದ್ದವಾದರೆ ಬ್ಲಾಕಿಗೆ ಉಜ್ಜುತ್ತದೆ. ಗಿಡ್ಡವಾದರೆ ಸಂದು ಹೆಚ್ಚಿ, ನೀರು ಮುಂದಕ್ಕೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ. ಸೋರಿಕೆ ಇಲ್ಲ, ಸದ್ದಿಲ್ಲ, ಬಿಸಿ ಮಾತ್ರ ಇಳಿಯುತ್ತಿಲ್ಲ ಎಂದು ಹೊಸ ಪಂಪ್ ಹಾಕಿಸಿದವರು ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಈ ಸಂದಿನಿಂದಲೇ.

ರೆಕ್ಕೆಗಳ ಎಣಿಕೆ, ಬಾಗಿರುವ ದಿಕ್ಕು ಕೂಡ ಹಳೇದರಂತೆಯೇ ಇರಬೇಕು. ಬೆಲ್ಟಿನ ಬೆನ್ನಿನಿಂದ ತಿರುಗುವ ಪಂಪು ಉಲ್ಟಾ ತಿರುಗುತ್ತದೆ. ನೋಡಲು ಅವಳಿಯಂತಿದ್ದರೂ ಅದರ ರೆಕ್ಕೆಯ ಬಾಗು ಬೇರೆ. ಎರಕದ ಇಂಪೆಲರ್ ಇದ್ದ ಜಾಗಕ್ಕೆ ತೆಳು ತಗಡಿನದು ಕೊಟ್ಟರೆ ಬೇಡ ಎನ್ನಿ. ಪ್ಲಾಸ್ಟಿಕ್‌ನದಾದರೆ ಶಾಫ್ಟ್ ಹೋಗುವ ಕಡೆ ಬಿರುಕಿದೆಯಾ ನೋಡಿ. ಅಲ್ಲಿ ಸೀಳಿದ್ದರೆ ಶಾಫ್ಟ್ ತಿರುಗುತ್ತದೆ, ರೆಕ್ಕೆ ನಿಂತೇ ಇರುತ್ತದೆ. ಕೊನೆಗೆ ಹೀಟರ್ ಪೈಪ್, ಬೈಪಾಸ್ ಪೈಪ್ ಸಿಕ್ಕಿಸುವ ಮೂತಿಗಳ ದಪ್ಪ ನೋಡಿ.

ಡೂಪ್ಲಿಕೇಟ್ ಮಾಲು ಹೊಲೊಗ್ರಾಮ್ ಅಂಟಿಸಿಕೊಂಡೇ ಬರುವುದರಿಂದ ಡಬ್ಬಿ ಬಿಟ್ಟು ಮಾಲನ್ನು ನೋಡಿ. ಗ್ಯಾಸ್ಕೆಟ್ ಮುಖದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡಲಾಗಿಟ್ಟು ಬೆಳಕಿಗೆ ಹಿಡಿಯಿರಿ. ಸಂದು ಕಂಡರೆ ಎಷ್ಟು ಪ್ಯಾಕಿಂಗ್ ಹಾಕಿದರೂ ಸೋರುತ್ತದೆ. ಶಾಫ್ಟ್ ಸಮವಾದ ಸಣ್ಣ ಬಿಗಿಯಲ್ಲಿ ತಿರುಗಬೇಕು. ಗಾಳಿಗೆ ತಿರುಗುವ ಗಿರಗಿಟ್ಟಲೆಯಂತಾದರೆ ಸೀಲ್ ಒತ್ತಿ ಕೂತಿಲ್ಲ. ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಪಂಪ್ ಕಡಿಮೆಗೆ ಸಿಕ್ಕರೂ ಒಳ್ಳೆಯದಲ್ಲ, ಸೀಲಿನ ರಬ್ಬರ್ ಗಡಸಾಗಿರುತ್ತದೆ.

ಪ್ರೀಮಿಯರ್ ಪದ್ಮಿನಿ, ಹಳೇ ಅಂಬಾಸಿಡರ್‌ಗಳಿಗೆ ಇನ್ನೊಂದು ದಾರಿ ಕಿಟ್: ಶಾಫ್ಟ್ ಸಮೇತ ಬೇರಿಂಗ್, ಸೀಲ್, ಗ್ಯಾಸ್ಕೆಟ್. ಬಾಡಿ ಚೆನ್ನಾಗಿದ್ದು ಲೇತ್‌ನವರ ಕೈ ಪಳಗಿದ್ದರೆ, ಕಳಪೆ ಹೊಸ ಪಂಪಿಗಿಂತ ಇದೇ ಮೇಲು. ಆದರೆ ಸುತ್ತಿಗೆಯಲ್ಲಿ ಬಡಿದು ಕೂರಿಸುವವರಿಗೆ ಕೊಡಬೇಡಿ. ಬೇರಿಂಗನ್ನು ಹೊರಗಿನ ಬಳೆ ಹಿಡಿದು ಪ್ರೆಸ್‌ನಲ್ಲೇ ಒತ್ತಬೇಕು. ಶಾಫ್ಟ್ ತುದಿಗೆ ಹೊಡೆದರೆ ಒಳಗಿನ ಗುಂಡುಗಳು ಹಾದಿಯಲ್ಲಿ ಗುಳಿ ಮಾಡುತ್ತವೆ, ಕೆಲವೇ ದಿನದಲ್ಲಿ ಅದೇ ಗರಗರ. ಬಿಚ್ಚುವ ಮೊದಲೇ ಹಬ್ ಎತ್ತರ, ಇಂಪೆಲರ್ ಎತ್ತರ ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ.

ಮಾರುತಿಯ ಹಳೇ ಪೆಟ್ರೋಲ್ ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವುದು ಹೊರಗಿನ ಬೆಲ್ಟೇ ಆದರೂ ಬಿಚ್ಚಲು ಟೈಮಿಂಗ್ ಕವರ್, ಟೈಮಿಂಗ್ ಬೆಲ್ಟ್ ತೆಗೆಯಬೇಕಾಗುತ್ತದೆ. ಅಷ್ಟು ಬಿಚ್ಚಿದ ಮೇಲೆ ಹಳೇ ಟೈಮಿಂಗ್ ಬೆಲ್ಟನ್ನೇ ವಾಪಸ್ ಹಾಕುವುದು ಪೆದ್ದುತನ. ಎಂಜಿನ್ ತಂಪಿಡುವ ದ್ರವವಾದ ಕೂಲಂಟ್‌ನಲ್ಲಿ ನೆಂದಿದ್ದರಂತೂ ಯೋಚಿಸಲೇ ಬೇಡಿ. ಆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ತಿರುಗಿಸಿ ನೋಡಿ. ಮೆತ್ತಗಾದ ಹೋಸ್, ರಬ್ಬರ್ ಬಿರಿದ ರೇಡಿಯೇಟರ್ ಕ್ಯಾಪ್ ಕೂಡ ಆಗಲೇ ಬದಲಾಗಲಿ. ಕ್ಯಾಪ್ ಮೇಲೆ 0.9 ಎಂದಿದ್ದರೆ 0.9ರದ್ದೇ ತನ್ನಿ, ಜಾಸ್ತಿ ಒತ್ತಡದ್ದು ಹಾಕಿದರೆ ಹಳೇ ರೇಡಿಯೇಟರಿನ ಬೆಸುಗೆ ಬಿಡುತ್ತದೆ.

ಕೂರಿಸುವಾಗ ಹಳೇ ಗ್ಯಾಸ್ಕೆಟ್ ಚೂರು ಒಂದೂ ಉಳಿಯಬಾರದು. ಅಲ್ಯೂಮಿನಿಯಂ ಮುಖವನ್ನು ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಬೀಳುವ ಗೀರೇ ಮುಂದೆ ಸೋರುವ ದಾರಿ. ಪೇಪರ್ ಗ್ಯಾಸ್ಕೆಟ್‌ಗೆ ಸೀಲಂಟ್ ಬೇಕೇ ಬೇಕೆಂದರೆ ತೆಳ್ಳಗೆ ಸವರಿ, ಓ-ರಿಂಗ್ ಇದ್ದರೆ ಬೇಡವೇ ಬೇಡ. ಹೆಚ್ಚಾದದ್ದು ಒಳಗೆ ಕಿತ್ತುಕೊಂಡು ಹೋಗಿ ರೇಡಿಯೇಟರಿನ ನಳಿಗೆಯಲ್ಲಿ ಕೂರುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಿ. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಉದ್ದ ಪಾನಾ ಹಾಕಿ ಎಳೆದರೆ ಅಲ್ಯೂಮಿನಿಯಂನಲ್ಲಿ ಥ್ರೆಡ್ ಕೈಗೆ ಬರುತ್ತದೆ. ಬೆಲ್ಟನ್ನು ಹೆಬ್ಬೆರಳಿನಲ್ಲಿ ಜೋರಾಗಿ ಒತ್ತಿದಾಗ ಅರ್ಧ ಇಂಚಿಗಿಂತ ಸ್ವಲ್ಪ ಕಡಿಮೆ ಕುಗ್ಗಲಿ. ತಂತಿಯಂತೆ ಎಳೆದು ಕಟ್ಟಿದರೆ ಹೊಸ ಬೇರಿಂಗಿನ ಆಯಸ್ಸು ಅಲ್ಲೇ ಅರ್ಧ.

ಇನ್ನು ನೀರು. ಸ್ನಾನದ ನೀರು ಕಾಯಿಸುವ ಹಂಡೆಯ ಒಳಗೆ ಕೈಯಾಡಿಸಿ ನೋಡಿ, ನಮ್ಮ ಕಡೆ ಬೋರ್ ನೀರಿನ ಮನೆಯಾದರೆ ಉಗುರಿಗೆ ಬಿಳಿ ಹೊಪ್ಪಳೆ ಸಿಗುತ್ತದೆ. ಅದೇ ಹೊಪ್ಪಳೆ ಪಂಪಿನ ಸೀಲ್ ಮುಖಗಳ ನಡುವೆ ಕೂತು ಮರಳುಕಾಗದದಂತೆ ಉಜ್ಜುತ್ತದೆ. ಹಳೇ ಪಂಪ್ ಕೆಟ್ಟಿದ್ದು ಹೀಗೇ ಆದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮೊದಲು ಪೈಪಿನ ನೀರು ಬಿಟ್ಟು ತುಕ್ಕಿನ ಕೆಂಪು ಬರುವುದು ನಿಲ್ಲುವವರೆಗೆ ತೊಳೆಯಿರಿ, ಆಮೇಲೆ ಒಮ್ಮೆ ಡಿಸ್ಟಿಲ್ಡ್ ವಾಟರ್ ಹಾಯಿಸಿ. ಕೊನೆಗೆ ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಬೆರೆಸಿಯೇ ಮಾರುವ ಕೂಲಂಟ್‌ಗೆ ಮತ್ತೆ ನೀರು ಸೇರಿಸಬೇಡಿ.

ತುಂಬುವಾಗ ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ಹಾಕದೆ ಎಂಜಿನ್ ಓಡಿಸಿ, ಮೇಲಿನ ಹೋಸ್ ಬಿಸಿಯಾಗಿ ಗುಳ್ಳೆ ನಿಲ್ಲುವವರೆಗೆ ಸುರಿಯುತ್ತಿರಿ. ಕೈ ಮುಖ ದೂರವಿರಲಿ. ನೆಲಕ್ಕೆ ಚೆಲ್ಲಿದ್ದನ್ನು ತೊಳೆದುಬಿಡಿ. ಕೂಲಂಟ್ ಸಿಹಿ, ನಾಯಿ ನೆಕ್ಕಿದರೆ ಸಾಯಬಹುದು. ಮೊದಲ ದಿನ ಆ ಸಣ್ಣ ತೂತಿನಿಂದ ಒಂದೆರಡು ಹನಿ ಬಂದರೆ ಗಾಬರಿ ಬೇಡ, ಸೀಲ್ ಕೂರುತ್ತಿದೆ. 100 ಕಿ.ಮೀ. ಓಡಿದ ಮೇಲೂ ಹನಿ ಬೀಳುತ್ತಿದ್ದರೆ ಬಿಲ್ ಸಮೇತ ಅಂಗಡಿಗೆ ವಾಪಸ್ ಕೊಡಿ. ಪದ್ಮಿನಿಯದೋ ಅಂಬಾಸಿಡರ್‌ದೋ ಆದರೆ ಹಳೇ ಪಂಪಿನ ಬಾಡಿಯನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಡಿ, ಮುಂದಿನ ಸಲ ಕಿಟ್ ಕೂರಿಸಲು ಅದೇ ಬೇಕಾಗುತ್ತದೆ.